ಹೊಲವಿಲ್ಲದ ಬೇಲಿ

(ವಿಜಯಪುರದಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ ಮಾಡಿದ ಭಾಷಣದ ಪಾಠ)



ಇಂದು ನಾನು ಮಾತನಾಡಬೇಕಾಗಿರುವ ವಿಷಯದ ಹೆಸರೇ ಪರದೇಶದ್ದು: ಹೆಜ್ ಫಂಡ್. ಅದನ್ನು ನಡೆಸುವವರು ನ್ಯೂಯಾರ್ಕಿನ ಎತ್ತರದ ಕಟ್ಟಡಗಳಲ್ಲಿ ಕುಳಿತು ಕೋಟಿಗಟ್ಟಲೆ ಡಾಲರ್ ಗಳಿಸುತ್ತಾರೆಂದು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅವರ ಕಥೆ ವಿಜಯಪುರದ ನಮಗೇಕೆ ಎಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಆದರೆ ಆ ಎರಡು ಪದಗಳನ್ನು ಬಿಡಿಸಿ ನೋಡಿದರೆ ಗಾಬರಿಯಾಗುವಂಥದ್ದು ಏನೂ ಇಲ್ಲ. ಹೆಜ್ ಎಂದರೆ ಬೇಲಿ, ಫಂಡ್ ಎಂದರೆ ನಿಧಿ. ಬೇಲಿ ಹಾಕಿದ ನಿಧಿ, ಅಷ್ಟೇ. ಬೇಲಿ ಎಂದರೇನು ಎಂಬುದನ್ನು ತಿಕೋಟಾ, ಬಬಲೇಶ್ವರದ ಕಡೆಯಿಂದ ಬಂದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇಲ್ಲಿನ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಬಿತ್ತುವಾಗ ನಮ್ಮ ಹಿರಿಯರು ಹೊಲದ ಅಂಚಿಗೆ, ಕೆಲವೊಮ್ಮೆ ಜೋಳದ ನಡುನಡುವೆಯೂ, ಕುಸುಬಿಯ ಸಾಲು ಹಾಕುತ್ತಿದ್ದರು. ಕುಸುಬಿಯ ಎಲೆಗೆ ಮುಳ್ಳು. ಅದು ಬಲಿತ ಮೇಲೆ ದನ ಹೊಲದೊಳಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಆ ಸಾಲಿನ ಉಪಯೋಗ ಅಷ್ಟಕ್ಕೇ ಮುಗಿಯುವುದಿಲ್ಲ. ಕುಸುಬಿಯ ಬೇರು ಆಳಕ್ಕೆ ಇಳಿಯುವುದರಿಂದ ಮಳೆ ಕೈಕೊಟ್ಟ ವರ್ಷವೂ ಅದು ತಡೆದುಕೊಂಡು ನಿಲ್ಲುತ್ತದೆ. ಜೋಳ ಬಾಡಿದ ವರ್ಷದಲ್ಲಿ ಎಣ್ಣೆಗೆ ನಾಲ್ಕು ಸೇರು ಕಾಳಾದರೂ ಮನೆಗೆ ಬರುತ್ತದೆ. ಜೋಳ ತುಂಬಿ ಬಂದ ವರ್ಷ ಮಾತ್ರ ಕುಸುಬಿ ಹಿಡಿದ ಜಾಗದಷ್ಟು ಜೋಳ ಕಡಿಮೆಯಾದಂತೆ. ಆ ಕೊರತೆಯನ್ನು ಯಾವ ರೈತನೂ ನಷ್ಟವೆಂದು ಬರೆದಿಡಲಿಲ್ಲ. ಅದು ಬೇಲಿಯ ಬೆಲೆ ಎಂದು ಅವನಿಗೆ ತಿಳಿದಿತ್ತು.

ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬುದು ಈ ಸೀಮೆಯ ಮಾತು. ಆದರೆ ಡೋಣಿ ಎಲ್ಲ ವರ್ಷವೂ ಬೆಳೆಯುವುದಿಲ್ಲ. 1876-78ರ ಮಹಾ ಬರ ಈ ಜಿಲ್ಲೆಯನ್ನು ಹಿಂಡಿ ಹಾಕಿತು. ಇಂಥ ವರ್ಷಗಳಿಗಾಗಿಯೇ ಬೆಳೆದ ವರ್ಷದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುವ ರೂಢಿ ಇತ್ತು. ಕುಸುಬಿ ಒಂದು ಬೇಲಿ, ಹಗೇವು ಇನ್ನೊಂದು ಬೇಲಿ. ಎರಡರ ಹಿಂದೆಯೂ ಒಂದೇ ತಿಳಿವಳಿಕೆ: ನಾಳೆಯ ಮಳೆಯನ್ನು ನಾವು ಹೇಳಲಾರೆವು, ಆದರೆ ಎರಡೂ ಬಗೆಯ ನಾಳೆಗೆ ಸಿದ್ಧರಾಗಿರಬಲ್ಲೆವು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಅಮೆರಿಕಕ್ಕೆ ಹೋಗೋಣ. ಮೊದಲ ಹೆಜ್ ಫಂಡ್ ಕಟ್ಟಿದ ಮನುಷ್ಯನೂ ಇದೇ ತಿಳಿವಳಿಕೆಯಿಂದ ಹೊರಟವನು.

ಸಮಾಜಶಾಸ್ತ್ರಜ್ಞನ ನಿಧಿ

ಅವರ ಹೆಸರು ಆಲ್ಫ್ರೆಡ್ ವಿನ್ಸ್ಲೋ ಜೋನ್ಸ್. ಹುಟ್ಟಿದ್ದು 1900ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿಯ ಜೊತೆ ಅಮೆರಿಕಕ್ಕೆ ಮರಳಿ, 1923ರಲ್ಲಿ ಹಾರ್ವರ್ಡಿನಲ್ಲಿ ಪದವಿ ಪಡೆದರು. ಮುಂದಿನ ಅವರ ಬದುಕನ್ನು ನೋಡಿದರೆ ಹಣದ ವ್ಯವಹಾರಕ್ಕೆ ಬರುವ ಮನುಷ್ಯನೆಂದು ಯಾರೂ ಹೇಳುವಂತಿರಲಿಲ್ಲ. ಹಡಗಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು ಲೋಕ ಸುತ್ತಿದರು. 1930ರ ದಶಕದ ಆರಂಭದಲ್ಲಿ, ಹಿಟ್ಲರ್ ಅಧಿಕಾರಕ್ಕೆ ಏರುತ್ತಿದ್ದ ದಿನಗಳಲ್ಲಿ, ಬರ್ಲಿನ್ನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿದ್ದರು. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿಗೆ ಹೋಗಿ ಪರಿಹಾರ ಕಾರ್ಯವನ್ನು ಕಂಡು ಬಂದರು. ಅನಂತರ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ 1941ರಲ್ಲಿ ಡಾಕ್ಟರೇಟ್ ಪಡೆದರು. ಅವರ ಪ್ರಬಂಧದ ವಿಷಯ, ಓಹಾಯೊ ರಾಜ್ಯದ ಆಕ್ರನ್ ಎಂಬ ಕಾರ್ಖಾನೆಗಳ ಊರಿನಲ್ಲಿ ಬೇರೆಬೇರೆ ವರ್ಗದ ಜನ ದೊಡ್ಡ ಕಂಪನಿಗಳ ಆಸ್ತಿಯನ್ನು ಯಾವ ದೃಷ್ಟಿಯಿಂದ ನೋಡುತ್ತಾರೆ ಎಂಬುದು.

ಆಮೇಲೆ ಅವರು 'ಫಾರ್ಚೂನ್' ಪತ್ರಿಕೆಗೆ ಲೇಖನ ಬರೆಯುತ್ತಿದ್ದರು. 1949ರಲ್ಲಿ, ಷೇರುಪೇಟೆಯ ಏರಿಳಿತವನ್ನು ಮುಂಚಿತವಾಗಿ ಹೇಳುವ ಪಂಡಿತರ ಬಗ್ಗೆ ಒಂದು ಲೇಖನ ಬರೆಯಬೇಕಾಗಿ ಬಂತು. ನಕ್ಷೆ ಬಿಡಿಸುವವರು, ಅಂಕಿ ಕೂಡಿಸುವವರು, ಎಲ್ಲರ ವಿಧಾನಗಳನ್ನೂ ಅವರು ಪರಿಶೀಲಿಸಿದರು. ಅದೇ ವರ್ಷ ನಾಲ್ವರು ಗೆಳೆಯರ ಜೊತೆ ಸೇರಿ 1 ಲಕ್ಷ ಡಾಲರಿನ ಒಂದು ಪಾಲುದಾರಿಕೆ ತೆರೆದರು. ಅದರಲ್ಲಿ 40,000 ಡಾಲರ್ ಅವರದೇ ಸ್ವಂತದ ಹಣ. ಆಗ ಅವರಿಗೆ ಐವತ್ತರ ಹತ್ತಿರ ವಯಸ್ಸು. ಹಣಕಾಸಿನ ಪೇಟೆಯಲ್ಲಿ ಹೆಸರು ಮಾಡಬೇಕಾದರೆ ಇಪ್ಪತ್ತರಲ್ಲೇ ಇಳಿಯಬೇಕೆಂದು ಆತುರಪಡುವ ನಮ್ಮ ತರುಣರು ಈ ಸಂಗತಿಯನ್ನು ಗಮನಿಸಬೇಕು.

ಜೋನ್ಸರ ವಿಚಾರ ಸರಳವಾದದ್ದು. ಪೇಟೆ ಒಟ್ಟಾರೆ ಮೇಲೆ ಹೋಗುತ್ತದೆಯೋ ಕೆಳಗೆ ಬರುತ್ತದೆಯೋ ಹೇಳುವುದು ಕಷ್ಟ. ಆದರೆ ಎರಡು ಕಂಪನಿಗಳನ್ನು ಪಕ್ಕಪಕ್ಕ ಇಟ್ಟು, ಇವೆರಡರಲ್ಲಿ ಯಾವುದು ಗಟ್ಟಿ ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಹಾಗಾದರೆ ಗಟ್ಟಿ ಕಂಪನಿಯ ಷೇರು ಕೊಳ್ಳೋಣ, ಪೊಳ್ಳು ಕಂಪನಿಯ ಷೇರನ್ನು ಕಡ ತಂದು ಮಾರೋಣ, ಎಂದರು.

ಕಡ ತಂದು ಮಾರುವುದು ಎಂದರೇನು? ಜೋಳದ ಲೆಕ್ಕದಲ್ಲೇ ನೋಡೋಣ. ಸುಗ್ಗಿಗೆ ಮೊದಲು ಕ್ವಿಂಟಲಿಗೆ 4,000 ರೂಪಾಯಿ ಇದೆ, ಸುಗ್ಗಿಯಲ್ಲಿ ಬೆಲೆ ಇಳಿಯುತ್ತದೆ ಎಂದು ನಿಮಗೆ ಅನಿಸಿದೆ ಎಂದುಕೊಳ್ಳಿ. ನೆರೆಮನೆಯಿಂದ ಒಂದು ಕ್ವಿಂಟಲ್ ಕಡ ತಂದು ಇಂದೇ 4,000ಕ್ಕೆ ಮಾರುತ್ತೀರಿ. ಸುಗ್ಗಿಯಲ್ಲಿ 3,200ಕ್ಕೆ ಅಷ್ಟೇ ಜೋಳ ಕೊಂಡು ಕಡ ತೀರಿಸುತ್ತೀರಿ. 800 ರೂಪಾಯಿ ಉಳಿಯಿತು. ಆದರೆ ಬೆಲೆ ಇಳಿಯದೆ 6,000ಕ್ಕೆ ಏರಿದರೆ? ಆಗಲೂ ನೆರೆಯವರಿಗೆ ಜೋಳ ಕೊಡಲೇಬೇಕು. 2,000 ರೂಪಾಯಿ ಕೈಯಿಂದ ಹೋಗುತ್ತದೆ. ಕೊಂಡವನು ಕಳೆದುಕೊಂಡರೆ ಕೊಟ್ಟ ಹಣವನ್ನಷ್ಟೇ ಕಳೆದುಕೊಳ್ಳುತ್ತಾನೆ. ಕಡ ತಂದು ಮಾರಿದವನ ನಷ್ಟಕ್ಕೆ ಮಿತಿ ಎಂಬುದೇ ಇಲ್ಲ, ಏಕೆಂದರೆ ಬೆಲೆ ಏರುವುದಕ್ಕೆ ಮಿತಿಯಿಲ್ಲ.

ಈ ವಿದ್ಯೆ ಜೋನ್ಸ್ ಕಂಡುಹಿಡಿದದ್ದಲ್ಲ. ಹಳೆಯ ಸಟ್ಟಾ ವ್ಯಾಪಾರಿಗಳೆಲ್ಲ ಬಲ್ಲದ್ದೇ. ಸಾಲ ತಂದು ಷೇರು ಕೊಳ್ಳುವುದೂ ಹಳೆಯದೇ. ಎರಡೂ ಅಪಾಯದ ಆಯುಧಗಳು. ಆ ಎರಡನ್ನೂ ಒಂದಕ್ಕೊಂದು ಎದುರು ನಿಲ್ಲಿಸಿ ಅಪಾಯವನ್ನು ತಗ್ಗಿಸಬಹುದು ಎಂದು ಕಂಡದ್ದು ಜೋನ್ಸರ ಹೆಚ್ಚುಗಾರಿಕೆ.

ಲೆಕ್ಕ ಮಾಡಿ ನೋಡೋಣ

ನಿಮ್ಮ ಹತ್ತಿರ 1 ಲಕ್ಷ ರೂಪಾಯಿ ಇದೆ. ಅದಕ್ಕೆ ಒಂದಿಷ್ಟು ಸಾಲ ಸೇರಿಸಿ 1,30,000ಕ್ಕೆ ಗಟ್ಟಿ ಷೇರು ಕೊಂಡಿರಿ. 70,000ದ ಪೊಳ್ಳು ಷೇರನ್ನು ಕಡ ತಂದು ಮಾರಿದಿರಿ. ಈಗ ಪೇಟೆ ಶೇಕಡ 10 ಇಳಿಯಿತು. ಗಟ್ಟಿ ಷೇರು ಶೇಕಡ 8ರಷ್ಟೇ ಇಳಿದವು: ನಷ್ಟ 10,400. ಪೊಳ್ಳು ಷೇರು ಶೇಕಡ 14 ಇಳಿದವು: ಅವುಗಳನ್ನು ಮೊದಲೇ ಮಾರಿದ್ದರಿಂದ ಲಾಭ 9,800. ಕೊನೆಗೆ ನಿಮ್ಮ ನಷ್ಟ ಬರೀ 600. ಬೇಲಿಯಿಲ್ಲದೆ 1 ಲಕ್ಷವನ್ನು ಪೇಟೆಯಲ್ಲಿಟ್ಟ ನೆರೆಯವನು 10,000 ಕಳೆದುಕೊಂಡಿದ್ದಾನೆ.

ಪೇಟೆ ಶೇಕಡ 10 ಏರಿತು ಎನ್ನಿ. ಗಟ್ಟಿ ಷೇರು ಶೇಕಡ 14 ಏರಿದರೆ ಲಾಭ 18,200. ಪೊಳ್ಳು ಷೇರು ಶೇಕಡ 6 ಏರಿದರೆ ನಷ್ಟ 4,200. ಉಳಿದದ್ದು 14,000. ಹೀಗೆ ಏರಿದರೂ ಇಳಿದರೂ ನೆರೆಯವನಿಗಿಂತ ನೀವೇ ಮೇಲು.

ಆದರೆ ಲೆಕ್ಕದ ಮೂರನೆಯ ಭಾಗವನ್ನು ಯಾರೂ ಹೇಳುವುದಿಲ್ಲ. ಗಟ್ಟಿ ಎಂದು ನೀವು ಆರಿಸಿದ್ದೇ ಪೊಳ್ಳಾಗಿದ್ದರೆ? ಪೇಟೆ ಇಳಿದಾಗ ನೀವು ಕೊಂಡದ್ದು ಶೇಕಡ 14 ಇಳಿದು, ಮಾರಿದ್ದು ಶೇಕಡ 8 ಮಾತ್ರ ಇಳಿದರೆ, 18,200 ನಷ್ಟ, 5,600 ಲಾಭ. ನಿಮ್ಮ ಕೈಯಿಂದ 12,600 ಹೋಯಿತು. ಬೇಲಿಯಿಲ್ಲದ ನೆರೆಯವನಿಗಿಂತ ಹೆಚ್ಚು! ಬೇಲಿ ದನವನ್ನು ತಡೆಯುತ್ತದೆ. ಕೆಟ್ಟ ಬೀಜವನ್ನು ಒಳ್ಳೆಯದು ಮಾಡುವುದಿಲ್ಲ. ಜೋನ್ಸರ ನಿಜವಾದ ದುಡಿಮೆ ಇದ್ದದ್ದು ಬೀಜ ಆರಿಸುವುದರಲ್ಲಿ. ಪೇಟೆಯ ದಿಕ್ಕನ್ನು ಊಹಿಸುವುದರಲ್ಲಿ ತಾವು ಗಟ್ಟಿಗರಲ್ಲ ಎಂಬುದು ಅವರಿಗೆ ಗೊತ್ತಿತ್ತು. ಷೇರು ಆರಿಸುವ ಕೆಲಸವನ್ನೂ ಕ್ರಮೇಣ ತಮಗಿಂತ ಬಲ್ಲ ಹಲವರಿಗೆ ಹಂಚಿಕೊಟ್ಟರು.

ನಾವಿಕನ ಐದನೆಯ ಪಾಲು

ಜೋನ್ಸ್ ತೆಗೆದುಕೊಳ್ಳುತ್ತಿದ್ದ ಕೂಲಿಯೂ ತಿಳಿಯಬೇಕಾದದ್ದು. 1952ರಿಂದ ಅವರು ಲಾಭದಲ್ಲಿ ಶೇಕಡ 20 ತೆಗೆದುಕೊಂಡರು. ಪುರಾತನ ಫಿನೀಷಿಯದ ಹಡಗಿನ ನಾಯಕರು ಸರಕನ್ನು ದಡ ಮುಟ್ಟಿಸಿದ ಮೇಲೆ ಲಾಭದ ಐದನೆಯ ಒಂದು ಪಾಲು ಪಡೆಯುತ್ತಿದ್ದರೆಂಬ ಮಾತನ್ನು ಅದಕ್ಕೆ ಆಧಾರವಾಗಿ ಹೇಳುತ್ತಿದ್ದರು. ಲಾಭವಿಲ್ಲದಿದ್ದರೆ ಪಾಲೂ ಇಲ್ಲ. ಹಡಗು ಮುಳುಗಿದರೆ ನಾವಿಕನೂ ಮುಳುಗಬೇಕು, ಏಕೆಂದರೆ ಅವರ ಹಣವೂ ಅದರಲ್ಲೇ ಇತ್ತು. ಮುಂದೆ ಬಂದ ಅನೇಕ ಹೆಜ್ ಫಂಡುಗಳು ಲಾಭದ ಶೇಕಡ 20ರ ಜೊತೆಗೆ, ಲಾಭವಾಗಲಿ ನಷ್ಟವಾಗಲಿ, ವರ್ಷಕ್ಕೆ ನಿಧಿಯ ಶೇಕಡ 2ರಷ್ಟನ್ನು ಶುಲ್ಕವಾಗಿ ಪಡೆಯತೊಡಗಿದವು. ಆಗ ನಿಧಿಯನ್ನು ಬೆಳೆಸುವುದಕ್ಕಿಂತ ದೊಡ್ಡದು ಮಾಡುವುದೇ ಲಾಭದ ದಾರಿಯಾಯಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ತನ್ನ ಪಾಲೂ ಅದರಲ್ಲಿರಬೇಕು ಎಂಬ ಈ ನಿಯಮ ನಮಗೆ ಹೊಸದೇನಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆ ಕಾಲದ ಗ್ರಾಮೀಣ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಉಳಿದ ಸದಸ್ಯರೆಲ್ಲ ಹೊಣೆ ಎಂಬುದೇ ಕಟ್ಟಳೆ. ಇದೇ ಊರಿನಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಅದೇ ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಲೆಂದು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಪರರ ಹಣಕ್ಕೆ ಕೈಹಾಕುವ ಮೊದಲು ಸ್ವಂತದ್ದನ್ನು ಒಡ್ಡುವ ಮನುಷ್ಯನನ್ನು ನಂಬಬಹುದು. ಬ್ಯಾಂಕಾಗಲಿ, ಹೆಜ್ ಫಂಡಾಗಲಿ, ಊರಿನ ಚೀಟಿಯಾಗಲಿ, ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಿಮ್ಮದೆಷ್ಟು ಇದರಲ್ಲಿದೆ?

ಬೇಲಿ ಕಿತ್ತವರು

1966ರವರೆಗೂ ಜೋನ್ಸರ ಹೆಸರು ಹೊರಗಿನವರಿಗೆ ಹೆಚ್ಚು ಗೊತ್ತಿರಲಿಲ್ಲ. ಆ ವರ್ಷ ಕ್ಯಾರಲ್ ಲೂಮಿಸ್ ಎಂಬ ಪತ್ರಕರ್ತೆ 'ಫಾರ್ಚೂನ್'ನಲ್ಲೇ ಅವರ ಬಗ್ಗೆ ಬರೆದರು. ಹತ್ತು ವರ್ಷಗಳಲ್ಲಿ ಜೋನ್ಸರ ನಿಧಿ ಶೇಕಡ 670 ಬೆಳೆದಿತ್ತು. ಅದೇ ಅವಧಿಯ ಅತ್ಯುತ್ತಮ ಮ್ಯೂಚುವಲ್ ಫಂಡಾದ ಡ್ರೇಫಸ್ ಬೆಳೆದದ್ದು ಶೇಕಡ 358. ಸುದ್ದಿ ಹರಡಿದ್ದೇ ತಡ, ಹೆಜ್ ಫಂಡುಗಳು ನಾಯಿಕೊಡೆಯಂತೆ ಎದ್ದವು.

ಆ ದಿನಗಳಲ್ಲಿ ಪೇಟೆ ಏರುತ್ತಿತ್ತು. ಏರುವ ಪೇಟೆಯಲ್ಲಿ ಕಡ ತಂದು ಮಾರಿದರೆ ಆ ಭಾಗದಲ್ಲಿ ನಷ್ಟ. ಈ ಬೇಲಿ ಏಕೆ ಬೇಕು, ಜಾಗ ತಿನ್ನುತ್ತದೆ ಎಂದು ಹೊಸಬರು ಅದನ್ನು ಕಿತ್ತು ಹಾಕಿದರು. ಸಾಲ ಮಾತ್ರ ಉಳಿಸಿಕೊಂಡರು. ಹೆಸರು ಬೇಲಿಯ ನಿಧಿ, ಬೇಲಿ ಮಾತ್ರ ಇಲ್ಲ! 1969-70ರಲ್ಲಿ ಪೇಟೆ ಕುಸಿದಾಗ ಇಂಥ ಅನೇಕ ನಿಧಿಗಳು ಬಾಗಿಲು ಹಾಕಿದವು. ಜೋನ್ಸರ ನಿಧಿಗೂ ಆಗ ದೊಡ್ಡ ಪೆಟ್ಟು ಬಿದ್ದಿತೆಂಬುದನ್ನು ಮರೆಮಾಡಬೇಕಾಗಿಲ್ಲ. ಜೋನ್ಸ್ ಮುಂದಿನ ವರ್ಷಗಳಲ್ಲಿ ಬಡತನ ನಿವಾರಣೆಯ ಕೆಲಸಗಳ ಕಡೆಗೆ ಹೊರಳಿದರು, 1989ರಲ್ಲಿ ತೀರಿಕೊಂಡರು.

ಇನ್ನೊಂದು ಕಥೆ 1998ರದು. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿ 1994ರಲ್ಲಿ ಆರಂಭವಾಯಿತು. ಅದರ ಪಾಲುದಾರರಲ್ಲಿ ಇಬ್ಬರು, ರಾಬರ್ಟ್ ಮರ್ಟನ್ ಮತ್ತು ಮೈರನ್ ಶೋಲ್ಸ್, 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಅವರ ಹೊಲಕ್ಕೆ ಬೇಲಿಯೂ ಇತ್ತು. ಕೊಂಡದ್ದಕ್ಕೆ ಎದುರಾಗಿ ಮಾರಿದ್ದೂ ಇತ್ತು. ಆದರೆ ಸ್ವಂತದ ಒಂದು ಡಾಲರಿಗೆ ಸುಮಾರು 25 ಡಾಲರಿನಂತೆ ಸಾಲ ಮಾಡಿದ್ದರು. 1998ರ ಆಗಸ್ಟಿನಲ್ಲಿ ರಷ್ಯ ತನ್ನ ಸಾಲ ತೀರಿಸಲಾರೆನೆಂದಿತು. ಪೇಟೆಗಳು ಬೆದರಿದವು. ಒಂದಕ್ಕೊಂದು ಎದುರಾಗಿ ಚಲಿಸಬೇಕಾದ ಬೆಲೆಗಳು ಅವರ ವಿರುದ್ಧವೇ ಒಟ್ಟಾಗಿ ಚಲಿಸಿದವು. ಕೆಲವೇ ತಿಂಗಳಲ್ಲಿ ಸುಮಾರು 460 ಕೋಟಿ ಡಾಲರ್ ಹೋಯಿತು. ಕೊನೆಗೆ ನ್ಯೂಯಾರ್ಕಿನ ಕೇಂದ್ರ ಬ್ಯಾಂಕಿನ ಮಧ್ಯಸ್ಥಿಕೆಯಲ್ಲಿ 14 ಸಂಸ್ಥೆಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಅದನ್ನು ಎತ್ತಿ ಹಿಡಿಯಬೇಕಾಯಿತು. ಅವರ ಲೆಕ್ಕ ದೀರ್ಘಕಾಲದಲ್ಲಿ ಸರಿಯೇ ಇದ್ದೀತು. ಆದರೆ ಸಾಲ ಕೊಟ್ಟವನು ದೀರ್ಘಕಾಲ ಕಾಯುವುದಿಲ್ಲ. ಈ ಪಾಠ ಕಲಿಯಲು ನಮ್ಮ ರೈತರಿಗೆ ನೊಬೆಲ್ ಬೇಕಾಗಲಿಲ್ಲ.

ನಮ್ಮ ನಾಡಿನ ಉದಾಹರಣೆ

ಕರ್ನಾಟಕದಲ್ಲಿ ಈ ವೃತ್ತಿಯವರು ಯಾರಾದರೂ ಇದ್ದಾರೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇದ್ದಾರೆ. ಬೆಂಗಳೂರಿನ ನಿಖಿಲ್ ಕಾಮತ್ ಹತ್ತನೆಯ ತರಗತಿಯ ಬಳಿಕ ಶಾಲೆ ಬಿಟ್ಟವರು. ಹದಿನೇಳರ ಆಸುಪಾಸಿನಲ್ಲಿ ಕಾಲ್ ಸೆಂಟರಿನಲ್ಲಿ ದುಡಿಯುತ್ತ ಷೇರು ವ್ಯವಹಾರ ಕಲಿತರು. 2010ರಲ್ಲಿ ಅಣ್ಣ, ಶಿವಮೊಗ್ಗದಲ್ಲಿ ಹುಟ್ಟಿದ ನಿತಿನ್ ಕಾಮತ್ ಅವರೊಂದಿಗೆ ಝೆರೋಧ ಎಂಬ ಷೇರು ದಲ್ಲಾಳಿ ಸಂಸ್ಥೆ ಕಟ್ಟಿದರು. ಮುಂದೆ ಟ್ರೂ ಬೀಕನ್ ಎಂಬ ಹೆಜ್ ಫಂಡ್ ಸಂಸ್ಥೆಯನ್ನೂ ಆರಂಭಿಸಿದರು. ನಿಶ್ಚಿತ ಶುಲ್ಕವಿಲ್ಲ, ಲಾಭವಾದರೆ ಅದರ ಶೇಕಡ 10 ಮಾತ್ರ ಎಂಬುದು ಆ ಸಂಸ್ಥೆ ಮೊದಲಿಗೆ ಸಾರಿದ ನಿಯಮ. ಜೋನ್ಸರ ನಾವಿಕನ ಪಾಲಿನ ನೆನಪು ಇಲ್ಲಿದೆ. 2023ರಲ್ಲಿ ನಿಖಿಲ್ ತಮ್ಮ ಸಂಪತ್ತಿನ ಬಹುಭಾಗವನ್ನು ದಾನಕ್ಕೆ ಮೀಸಲಿಡುವ 'ಗಿವಿಂಗ್ ಪ್ಲೆಜ್'ಗೆ ಸಹಿ ಹಾಕಿದರು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಈ ಸಹೋದರರನ್ನು ಶ್ರೀಮಂತರನ್ನಾಗಿ ಮಾಡಿದ್ದು ಮುಖ್ಯವಾಗಿ ಷೇರಿನ ಆಟವಲ್ಲ, ಆಡುವವರಿಗೆ ಸೌಕರ್ಯ ಒದಗಿಸಿದ ಸಂಸ್ಥೆ. ಜಾತ್ರೆಯಲ್ಲಿ ಕುಸ್ತಿ ಹಿಡಿದವರಲ್ಲಿ ಗೆಲ್ಲುವವನು ಒಬ್ಬ. ಅಂಗಡಿ ಇಟ್ಟವನಿಗೆ ಯಾರು ಗೆದ್ದರೂ ವ್ಯಾಪಾರವಾಗುತ್ತದೆ. ಇದು ದೂರಲ್ಲ. ಅವರ ಯಶಸ್ಸನ್ನು ಕಂಡು ಷೇರಿಗೆ ಇಳಿಯುವ ತರುಣರು ಆ ಯಶಸ್ಸು ಎಲ್ಲಿಂದ ಬಂದಿತೆಂದು ತಿಳಿದಿರಬೇಕು, ಅಷ್ಟೇ.

ಝೆರೋಧ ಎಂಬ ಹೆಸರಿನಲ್ಲಿರುವುದು ಸೊನ್ನೆಯ ಇಂಗ್ಲಿಷ್ ಪದ ಮತ್ತು ಸಂಸ್ಕೃತದ ರೋಧ. ವಿರೋಧ, ಅವರೋಧಗಳಲ್ಲಿರುವ ಅದೇ ರೋಧ, ತಡೆಯಿಲ್ಲ ಎಂದರ್ಥ. ಹಿಂದೆ ಷೇರು ಕೊಳ್ಳಬೇಕಾದರೆ ದಲ್ಲಾಳಿ, ಕಾಗದ, ಕಮಿಷನ್ ಎಂದು ನೂರು ತಡೆಗಳಿದ್ದವು. ಮೊಬೈಲ್ ಫೋನು, ಅಗ್ಗದ ದಲ್ಲಾಳಿ ಸಂಸ್ಥೆಗಳು ಸೇರಿ ಆ ತಡೆಗಳನ್ನು ತೆಗೆದುಹಾಕಿದವು. ಅದು ಒಳ್ಳೆಯದೇ. ಆದರೆ ಹೋಗುವ ದಾರಿಯ ತಡೆ ಬೇರೆ, ಹೊಲ ಕಾಯುವ ಬೇಲಿ ಬೇರೆ. ತಡೆ ಹೋದ ಭರದಲ್ಲಿ ಬೇಲಿಯೂ ಹೋಯಿತು.

ನಿಜವಾದ ಹೆಜ್ ಫಂಡ್ ನಮ್ಮ ದೇಶದಲ್ಲಿ ಎಲ್ಲರಿಗೂ ತೆರೆದದ್ದಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2012ರಲ್ಲಿ ಮಾಡಿದ ನಿಯಮಗಳಲ್ಲಿ ಇಂಥ ನಿಧಿಗಳನ್ನು ಮೂರನೆಯ ವರ್ಗದಲ್ಲಿ ಸೇರಿಸಿ, ಸಾಮಾನ್ಯ ಹೂಡಿಕೆದಾರ ಕನಿಷ್ಠ 1 ಕೋಟಿ ರೂಪಾಯಿ ತರಬೇಕೆಂದು ಗೊತ್ತು ಮಾಡಿತು. ಕಳೆದುಕೊಂಡರೂ ತಾಳಿಕೊಳ್ಳಬಲ್ಲವರು ಮಾತ್ರ ಬರಲಿ ಎಂಬುದು ಇದರ ಉದ್ದೇಶ. ಆದರೆ ಹೆಜ್ ಫಂಡುಗಳು ಬಳಸುವ ಆಯುಧಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾತ್ರ ಪ್ರತಿಯೊಬ್ಬರ ಫೋನಿನಲ್ಲೂ ಸಿಗುತ್ತವೆ.

ದ್ರಾಕ್ಷಿಯ ಸಂಚಕಾರ

ಆಪ್ಷನ್ ಎಂದರೇನು? ನಮ್ಮ ಕಡೆ ಹೊಲ ಕೊಳ್ಳುವವರು ಸಂಚಕಾರ ಕೊಡುತ್ತಾರಲ್ಲ, ಅದರಂತೆ. ಇಷ್ಟು ದಿನದೊಳಗೆ ಇಷ್ಟು ಬೆಲೆಗೆ ಕೊಳ್ಳುವ ಹಕ್ಕು ನಿಮ್ಮದು. ಬೇಡವೆನಿಸಿದರೆ ಬಿಟ್ಟುಬಿಡಬಹುದು, ಸಂಚಕಾರ ಮಾತ್ರ ಹೋಗುತ್ತದೆ. ಕೊಳ್ಳುವ ಹಕ್ಕಿದ್ದಂತೆ ಮಾರುವ ಹಕ್ಕೂ ಉಂಟು. ಬೆಲೆ ಬಿದ್ದರೂ ಗೊತ್ತುಮಾಡಿದ ದರಕ್ಕೆ ಮಾರುವ ಹಕ್ಕು ನಿಮ್ಮಲ್ಲಿದ್ದರೆ ಅದು ಬೇಲಿ.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಈ ಹೆಸರು ಕೇಳದೆಯೇ ಇಂಥ ಹಕ್ಕನ್ನು ಇಟ್ಟುಕೊಂಡವರು. ಹಸಿ ಹಣ್ಣಿಗೆ ಒಳ್ಳೆಯ ದರ ಬಂದರೆ ಹಾಗೆಯೇ ಮಾರುತ್ತಾರೆ. ದರ ಬಿದ್ದರೆ ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ ಒಣದ್ರಾಕ್ಷಿ ಮಾಡುತ್ತಾರೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಹಸಿ ಹಣ್ಣು ನಾಲ್ಕು ದಿನ ಕಾಯುವುದಿಲ್ಲ. ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ತಾಸಗಾಂವ್, ಸಾಂಗ್ಲಿ, ವಿಜಯಪುರದ ಪೇಟೆಗಳಲ್ಲಿ ದರ ನೋಡಿ ಮಾರಬಹುದು. ಶೆಡ್ಡು, ಕೂಲಿ, ಬಾಡಿಗೆ, ಇವೇ ಆ ಹಕ್ಕಿನ ಸಂಚಕಾರ. ಈ ಬೇಲಿಗೂ ಮಿತಿಯುಂಟು. ಒಣಗಲು ಹರಡಿದಾಗ ಅಕಾಲದ ಮಳೆ ಬಿದ್ದರೆ ಬಣ್ಣ ಕೆಡುತ್ತದೆ. ಎಲ್ಲರೂ ಒಮ್ಮೆಲೇ ಒಣಗಿಸಿದರೆ ಅದರ ದರವೂ ಬೀಳುತ್ತದೆ. ನೀರಿಲ್ಲದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವರಿಗೆ ಇದೆಲ್ಲ ಗೊತ್ತಿದೆ. ಆದರೂ ಅದು ಬೇಲಿ, ಏಕೆಂದರೆ ಅದರ ಹಿಂದೆ ಒಂದು ತೋಟವಿದೆ.

ಈಗ ಇನ್ನೊಂದು ಚಿತ್ರ ನೋಡಿ. ಒಬ್ಬ ತರುಣನ ಹತ್ತಿರ ತೋಟವಿಲ್ಲ, ಷೇರೂ ಇಲ್ಲ. ಗುರುವಾರ ಬೆಳಿಗ್ಗೆ ಸಂಚಕಾರ ಕೊಟ್ಟು ಒಂದು ಆಪ್ಷನ್ ಕೊಳ್ಳುತ್ತಾನೆ. ಸಂಜೆಯೊಳಗೆ ದರ ಅವನ ಕಡೆ ಬರದಿದ್ದರೆ ಆ ಹಣ ಸೊನ್ನೆ. ಅವನು ಯಾವುದನ್ನು ಕಾಯುತ್ತಿದ್ದಾನೆ? ಯಾವುದನ್ನೂ ಇಲ್ಲ. ಬೇಲಿ ಇದೆ, ಹೊಲವಿಲ್ಲ. ಆಯುಧ ಅದೇ, ಹೆಸರೂ ಅದೇ. ತೋಟ ಉಳ್ಳವನ ಕೈಯಲ್ಲಿ ಅದು ರಕ್ಷಣೆ. ತೋಟ ಇಲ್ಲದವನ ಕೈಯಲ್ಲಿ ಅದು ಜೂಜು. ಇಂದಿನ ನನ್ನ ಮಾತಿನ ಸಾರವೆಲ್ಲ ಇಷ್ಟೇ.

ಇದು ಬರೀ ಉಪದೇಶವಲ್ಲ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಒಂದು ಅಧ್ಯಯನ ಪ್ರಕಟಿಸಿತು. ಅದು 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳದ್ದು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ 1 ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ಹಣ ಕಳೆದುಕೊಂಡರು. ಖರ್ಚು ಸೇರಿ ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ವ್ಯಕ್ತಿಗಳೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ಖರ್ಚು ಕಳೆದು 1 ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು. ಆ ಹಣ ಹೋದದ್ದೆಲ್ಲಿಗೆ? 2023-24ರ ಒಂದೇ ವರ್ಷದಲ್ಲಿ, ಖರ್ಚು ಕಳೆಯುವ ಮೊದಲಿನ ಲೆಕ್ಕದಲ್ಲಿ, ಸ್ವಂತ ಬಂಡವಾಳದಿಂದ ವ್ಯವಹರಿಸುವ ದೊಡ್ಡ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶಿ ಹೂಡಿಕೆ ಸಂಸ್ಥೆಗಳು ಸುಮಾರು 28,000 ಕೋಟಿ ರೂಪಾಯಿ ಗಳಿಸಿದವು. ಅವರ ಲಾಭದ ಬಹುಪಾಲು ಕಂಪ್ಯೂಟರ್ ಸೂತ್ರಗಳಿಂದ ಬಂದದ್ದು. ಅಂದರೆ ಫೋನು ಹಿಡಿದು ಕುಳಿತ ನಮ್ಮ ಹುಡುಗನ ಎದುರಿಗೆ ಇರುವವನು ಇನ್ನೊಬ್ಬ ಹುಡುಗನಲ್ಲ, ಒಂದು ಯಂತ್ರ.

ಅದೇ ಅಧ್ಯಯನದ ಮತ್ತೆರಡು ಅಂಕಿಗಳನ್ನು ಪಾಲಕರು ಕೇಳಿಸಿಕೊಳ್ಳಬೇಕು. 2023-24ರಲ್ಲಿ ಈ ವ್ಯವಹಾರಕ್ಕೆ ಇಳಿದ ವ್ಯಕ್ತಿಗಳಲ್ಲಿ ಶೇಕಡ 43 ಮಂದಿ ಮೂವತ್ತರೊಳಗಿನವರು. ಶೇಕಡ 70ಕ್ಕೂ ಹೆಚ್ಚು ಮಂದಿ ದೇಶದ ಮೊದಲ 30 ನಗರಗಳ ಹೊರಗಿನವರು, ಎಂದರೆ ನಮ್ಮ ವಿಜಯಪುರದಂಥ ಊರುಗಳವರು. ಇವರಲ್ಲಿ ಬಹುತೇಕರ ವಾರ್ಷಿಕ ಆದಾಯ 5 ಲಕ್ಷದ ಒಳಗೆ. ಸೆಬಿ ನಿಯಮಗಳನ್ನು ಬಿಗಿ ಮಾಡಿದ ಬಳಿಕವೂ 2024-25ರಲ್ಲಿ ಕಳೆದುಕೊಂಡವರು ಶೇಕಡ 91. ಕಳೆದುಕೊಂಡವನು ಸುಮ್ಮನಾಗುವುದೂ ಇಲ್ಲ. ಹೋದದ್ದನ್ನು ಮರಳಿ ತರುತ್ತೇನೆಂದು ಇನ್ನಷ್ಟು ಹಾಕುತ್ತಾನೆ. ಮೊದಲು ಸ್ವಂತದ್ದು, ಆಮೇಲೆ ಗೆಳೆಯರದ್ದು, ಕೊನೆಗೆ ಅಪ್ಪ ಬೀಜ ಗೊಬ್ಬರಕ್ಕೆಂದು ಇಟ್ಟದ್ದು. ಇಂಥ ಮನೆಗಳಲ್ಲಿ ನಷ್ಟಕ್ಕಿಂತ ದೊಡ್ಡ ಕೇಡು ಎಂದರೆ ಗುಟ್ಟು. ತಂದೆತಾಯಂದಿರಿಗೆ ನನ್ನ ವಿನಂತಿ: ಮಗ ಬಂದು ಹೇಳಿಕೊಂಡರೆ ಬಯ್ಯುವುದನ್ನು ನಾಳೆಗೆ ಇಟ್ಟು, ಇಂದು ಕೂತು ಲೆಕ್ಕ ಕೇಳಿ. ಹೇಳಿಕೊಂಡ ದಿನವೇ ನಷ್ಟ ನಿಲ್ಲುವ ದಿನ.

ವಿದ್ಯಾರ್ಥಿ ಮಿತ್ರರೇ, ಷೇರುಪೇಟೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕಂಪನಿಯ ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಹೊಲ ಮಾಡಿದಂತೆಯೇ. ನಿಮ್ಮಲ್ಲಿ ಕೆಲವರು ಮುಂದೆ ದೊಡ್ಡ ನಿಧಿಗಳನ್ನು ನಡೆಸುವವರೂ ಆಗಬಹುದು. ಆದರೆ ಜೋನ್ಸರ ಯಶಸ್ಸಿನಿಂದ ಅವರ ಶೇಕಡ 670ನ್ನಷ್ಟೇ ಕಲಿತರೆ 1969ರ ಅನುಕರಣೆಯವರಂತೆ ಆಗುತ್ತದೆ. ಕಲಿಯಬೇಕಾದದ್ದು ನಾಲ್ಕು: ನಾಳೆ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು, ಬೀಜವನ್ನು ತಾನೇ ಪರೀಕ್ಷಿಸುವುದು, ಬೇಲಿಯ ಬೆಲೆಯನ್ನು ಗೊಣಗದೆ ತೆರುವುದು, ಪರರ ಹಣದ ಜೊತೆ ತನ್ನದನ್ನೂ ಇಡುವುದು.

ಇಲ್ಲಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಾರವಾಡದ ಹತ್ತಿರ ಡೋಣಿ ದಾಟುತ್ತೀರಿ. ಆ ಎರೆಹೊಲಗಳಲ್ಲಿ ಕುಸುಬಿಯ ಸಾಲು ಈಗ ಹಿಂದಿನಷ್ಟು ಕಾಣುವುದಿಲ್ಲ. ಎಲ್ಲಿಯಾದರೂ ಕಂಡರೆ ಒಂದು ಗಳಿಗೆ ನಿಂತು ನೋಡಿ. ಆಮೇಲೆ ಫೋನು ತೆಗೆದು ಗುಂಡಿ ಒತ್ತುವ ಮುಂಚೆ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ಈ ಬೇಲಿಯ ಒಳಗೆ ನನ್ನ ಹೊಲ ಎಲ್ಲಿದೆ?